ಕಿವುಡನನ್ನು ಬೈದರೆ ಯಾರಿಗೆ ಗೊತ್ತಾಗುತ್ತದೆ?

ಪ್ರಶ್ನೆ: ಟೀಚರ್, ನಮಸ್ಕಾರ. ನನ್ನ ಅಪ್ಪನಿಗೆ ತೀರ್ಥಹಳ್ಳಿಯಲ್ಲಿ ದಿನಸಿ ಅಂಗಡಿ ಇದೆ. ಅವರು ದೇವರನ್ನು ನಂಬುವುದಿಲ್ಲ. ಅಂಗಡಿಯಲ್ಲಿ ಒಂದು ಫೋಟೋ ಕೂಡ ಇಲ್ಲ. ಆದರೆ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ತಟ್ಟೆಗೆ ಅಂಟಿದ ಬೆಲ್ಲ ಒರೆಸಿ, ಗಿರಾಕಿಗೆ ಸೊನ್ನೆ ತೋರಿಸಿಯೇ ತೂಗುತ್ತಾರೆ. ಮಂಗಳೂರಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಕ್ರೈಸ್ತಳು. ಮೊನ್ನೆ ಮಾತಿಗೆ ಮಾತು ಬೆಳೆದು, ‘ದೇವರಿಲ್ಲ ಅಂದ್ರೆ ಒಳ್ಳೇದು ಕೆಟ್ಟದ್ದು ಅನ್ನೋದೇ ಇರಲ್ಲ’ ಎಂದಳು. ನನಗೆ ಅಪ್ಪನನ್ನೇ ಬೈದ ಹಾಗಾಯಿತು. ನಿಮ್ಮ ಕ್ರೈಸ್ತ ಧರ್ಮ ಹೀಗೇ ಹೇಳುತ್ತದಾ? ಇನ್ನೊಂದು ಮಾತು. ದೇವರು ಹೇಳಿದ್ದೇ ಸರಿ ಅನ್ನುವುದಾದರೆ, ನಾಳೆ ದೇವರು ಸುಳ್ಳು ಹೇಳು ಅಂದರೆ ಅದೂ ಸರಿಯಾಗಿಬಿಡುತ್ತದಾ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಮೊದಲು ನಿನ್ನ ಅಪ್ಪನ ವಿಷಯ ಮಾತಾಡೋಣ ಮಗಳೇ. ಅವರು ಒಳ್ಳೆಯವರು. ಈ ಮಾತು ಹೇಳಲು ನಾನು ಬೈಬಲನ್ನು ಮುಚ್ಚಿಡಬೇಕಾಗಿಲ್ಲ, ತೆರೆದರೆ ಸಾಕು. ಕ್ರೈಸ್ತರ ಮೊದಲ ಕಾಲದ ಬೋಧಕ ಪೌಲನು ರೋಮಾಪುರದವರಿಗೆ ಬರೆದ ಪತ್ರದ 2ನೆಯ ಅಧ್ಯಾಯ ನೋಡು. ಯೆಹೂದ್ಯರಿಗೆ ಸಿಕ್ಕಿದ ಮೋಶೆಯ ಧರ್ಮಶಾಸ್ತ್ರ ಕೈಗೇ ಸಿಗದ ಜನರೂ ಅದರಲ್ಲಿ ಹೇಳಿದ್ದನ್ನು ತಾವಾಗಿಯೇ ಮಾಡುತ್ತಾರೆ, ಅದು ಅವರ ಎದೆಯಲ್ಲೇ ಬರೆದಿದೆ, ಅವರ ಮನಸ್ಸಾಕ್ಷಿ ಅದನ್ನು ತೋರಿಸುತ್ತದೆ ಎಂದು ಅಲ್ಲಿ ಬರೆದಿದ್ದಾನೆ. ನಿನ್ನ ಅಪ್ಪ ತಟ್ಟೆ ಒರೆಸುವುದನ್ನು ಪೌಲ ನೋಡಿದ್ದರೆ ಅವನಿಗೆ ಆಶ್ಚರ್ಯ ಆಗುತ್ತಿರಲಿಲ್ಲ.

ನಿನ್ನ ರೂಮ್‌ಮೇಟ್ ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಬೆರೆಸಿಬಿಟ್ಟಿದ್ದಾಳೆ. ದೇವರನ್ನು ನಂಬದವರು ಒಳ್ಳೆಯವರಾಗಿರಬಹುದಾ ಅನ್ನುವುದು ಒಂದು. ಒಳ್ಳೆಯದು ಅನ್ನುವುದು ಯಾವುದರ ಮೇಲೆ ನಿಂತಿದೆ ಅನ್ನುವುದು ಇನ್ನೊಂದು. ನಿಮ್ಮ ಅಂಗಡಿಯ ತಕ್ಕಡಿಯನ್ನೇ ತಗೋ. ಇಲಾಖೆಯವರು ಬಂದು ಪರೀಕ್ಷೆ ಮಾಡಿ ಮುದ್ರೆ ಹಾಕುತ್ತಾರೆ, ಅಲ್ವಾ? ಆ ಪರೀಕ್ಷೆಗೆ ಒಂದು ಅಳತೆ ಇದೆ. ಒಂದು ಕಿಲೋ ಅಂದರೆ ಎಷ್ಟು ಅನ್ನುವುದನ್ನು ಅಂಗಡಿಯವನೂ ತೀರ್ಮಾನಿಸುವುದಿಲ್ಲ, ಗಿರಾಕಿಯೂ ತೀರ್ಮಾನಿಸುವುದಿಲ್ಲ. ಆ ಅಳತೆ ಎಲ್ಲಿಂದ ಬಂತು ಎಂದು ಯೋಚಿಸದೆಯೇ ನಿನ್ನ ಅಪ್ಪ ಜೀವನಪೂರ್ತಿ ಸರಿಯಾಗಿ ತೂಗಬಲ್ಲರು. ಕ್ರೈಸ್ತರು ದೇವರೇ ನೀತಿಗೆ ಆಧಾರ ಎಂದಾಗ ಆ ಅಳತೆಯ ಬಗ್ಗೆ ಮಾತಾಡುತ್ತಾರೆ. ಯಾರು ಸರಿಯಾಗಿ ತೂಗುತ್ತಾರೆ ಎಂಬ ಪಟ್ಟಿ ಅದರಲ್ಲಿ ಇಲ್ಲ. ಪಟ್ಟಿ ಮಾಡಿದರೆ ಚರ್ಚಿಗೆ ಹೋಗುವ ಎಷ್ಟೋ ಮಂದಿ ನಿನ್ನ ಅಪ್ಪನಿಗಿಂತ ಕೆಳಗೆ ಇರುತ್ತಾರೆ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೂ ನಾನು ಇದನ್ನೇ ಹೇಳುವುದು.

ಹಾಗಾದರೆ ಆ ಅಳತೆಗೆ ದೇವರು ಯಾಕೆ ಬೇಕು? ನನಗೆ ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಬೈಬಲಿನ ಯಾಜಕಕಾಂಡ ಎಂಬ ಪುಸ್ತಕದ 19ನೆಯ ಅಧ್ಯಾಯದಲ್ಲಿ. ಮೂಲತಃ ಯೆಹೂದ್ಯರ ಶಾಸ್ತ್ರ ಅದು. ಯೇಸು ಅದನ್ನು ಕೇಳಿಕೊಂಡೇ ಬೆಳೆದವನು. ಹೊಲ ಕೊಯ್ಯುವಾಗ ಅಂಚಿನ ತನಕ ಬೋಳಿಸಬೇಡ, ಬಡವರಿಗೂ ಪರದೇಶದವರಿಗೂ ಬಿಡು ಎಂದು ಅಲ್ಲಿದೆ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂದಿದೆ. ಅಧ್ಯಾಯದ ಕೊನೆಯ ಹೊತ್ತಿಗೆ ನಿನ್ನ ಅಪ್ಪನ ಕಸುಬೂ ಬರುತ್ತದೆ. ತಕ್ಕಡಿ ಸರಿಯಿರಲಿ, ತೂಕದ ಕಲ್ಲು ಸರಿಯಿರಲಿ, ನಿಮ್ಮನ್ನು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡಿಸಿ ತಂದ ದೇವರು ನಾನೇ ಎನ್ನುತ್ತದೆ. ಇಂಥ ಒಂದೊಂದು ಮಾತಿನ ಹಿಂದೆಯೂ ‘ನಾನು ಯೆಹೋವನು’ ಎಂದು ದೇವರ ಹೆಸರು ಮತ್ತೆ ಮತ್ತೆ ಬರುತ್ತದೆ.

ಆ ಅಧ್ಯಾಯದ 14ನೆಯ ವಚನದ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ, ನಿನ್ನ ದೇವರಿಗೆ ಭಯಪಡು. ಸ್ವಲ್ಪ ಯೋಚಿಸು. ಕಿವುಡನಿಗೆ ಬೈದದ್ದು ಕೇಳಿಸುವುದಿಲ್ಲ. ಅವನಿಗೆ ನೋವಾಗುವುದಿಲ್ಲ, ಅವನು ಜಗಳಕ್ಕೆ ಬರುವುದಿಲ್ಲ. ದಾರಿಯಲ್ಲಿ ಕಲ್ಲು ಇಟ್ಟವರು ಯಾರು ಎಂದು ಕುರುಡನಿಗೆ ತಿಳಿಯುವುದಿಲ್ಲ. ತಪ್ಪು ಅಂದರೆ ಇನ್ನೊಬ್ಬರು ಗುರುತಿಸಿದ್ದು ಅಂತಲೋ, ಊರವರು ಒಪ್ಪದೇ ಇದ್ದದ್ದು ಅಂತಲೋ ಇಟ್ಟುಕೊಂಡರೆ ಇಲ್ಲಿ ತಪ್ಪೇ ನಡೆದಿಲ್ಲ. ಆದರೂ ಅದು ತಪ್ಪು, ಅಲ್ವಾ? ನಿನಗೂ ಗೊತ್ತು, ನಿನ್ನ ಅಪ್ಪನಿಗೂ ಗೊತ್ತು. ಅದು ತಪ್ಪಾಗಿಯೇ ಉಳಿಯುವುದು ಆ ಮನುಷ್ಯನಿಗೆ ಬೆಲೆ ಕೊಟ್ಟವನು ದೇವರು ಆದ್ದರಿಂದ ಎಂಬುದು ನಮ್ಮ ನಂಬಿಕೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯರನ್ನು ದೇವರು ತನ್ನ ಸ್ವರೂಪದಲ್ಲಿ ಸೃಷ್ಟಿಸಿದ ಎನ್ನುವುದೂ ಇದಕ್ಕೇ. ಬೆಲೆ ನಾವು ಕೊಟ್ಟದ್ದಾದರೆ ನಾವೇ ಕಿತ್ತುಕೊಳ್ಳಬಹುದಿತ್ತು.

ಇನ್ನು ನಿನ್ನ ಎರಡನೆಯ ಪ್ರಶ್ನೆ. ಇದು ಬಹಳ ಹಳೆಯದು. ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನಲ್ಲಿ ಪ್ಲೇಟೋ ಇದನ್ನು ಸಾಕ್ರಟೀಸನ ಬಾಯಲ್ಲಿ ಕೇಳಿಸಿದ್ದಾನೆ. ದೇವರು ಹೇಳಿದ್ದಕ್ಕೆ ಒಳ್ಳೆಯದಾಯಿತೋ, ಒಳ್ಳೆಯದಾಗಿದ್ದಕ್ಕೆ ದೇವರು ಹೇಳಿದನೋ? ಮೊದಲನೆಯದು ಅಂದರೆ ದೇವರು ಮನಸ್ಸಿಗೆ ಬಂದ ಹಾಗೆ ಆಳುವ ಪಾಳೇಗಾರನಾಗುತ್ತಾನೆ. ಎರಡನೆಯದು ಅಂದರೆ ಒಳ್ಳೆಯದು ದೇವರಿಗಿಂತ ಮೇಲಿದೆ ಎಂದಾಗುತ್ತದೆ. 13ನೆಯ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಆಕ್ವಿನಾಸ್‌ರಂಥವರು ಈ ಎರಡನ್ನೂ ಒಪ್ಪಲಿಲ್ಲ. ಒಳ್ಳೆಯತನವೇ ದೇವರ ಸ್ವಭಾವ, ಆತನ ಆಜ್ಞೆ ಆ ಸ್ವಭಾವದಿಂದಲೇ ಬರುತ್ತದೆ ಎಂದರು. ಹಾಗಾಗಿ ‘ದೇವರು ಸುಳ್ಳು ಹೇಳು ಅಂದರೆ’ ಎಂಬ ಮಾತಿಗೆ ಬೈಬಲಿನಲ್ಲಿ ತೀತ ಎಂಬವನಿಗೆ ಬರೆದ ಪತ್ರದಲ್ಲೇ ಉತ್ತರ ಇದೆ: ದೇವರು ಸುಳ್ಳಾಡಲಾರನು. ಆಮೇಲಿನ ಶತಮಾನದಲ್ಲಿ ಓಕಮ್‌ನ ವಿಲಿಯಂ ಎಂಬ ಇನ್ನೊಬ್ಬ ಪಂಡಿತರು ಆಜ್ಞೆಯ ಕಡೆಗೆ, ಅಂದರೆ ದೇವರು ಹೇಳಿದ್ದಕ್ಕೆ ಒಳ್ಳೆಯದಾಯಿತು ಅನ್ನುವ ಕಡೆಗೆ, ಜಾಸ್ತಿ ವಾಲಿದರು. ನನ್ನ ಮನಸ್ಸು ಆಕ್ವಿನಾಸ್ ಕಡೆಗೇ ಇದೆ.

ಯೆಹೂದ್ಯರ ಮೂಲಪುರುಷ ಅಬ್ರಹಾಮನೂ ದೇವರ ಸ್ವಭಾವ ಒಳ್ಳೆಯದು ಎಂದೇ ನಂಬಿದ್ದ. ಸೊದೋಮ್ ಪಟ್ಟಣವನ್ನು ದೇವರು ನಾಶ ಮಾಡಹೊರಟಾಗ ಅವನು ಎದುರು ನಿಂತು ಕೇಳುತ್ತಾನೆ: ಲೋಕಕ್ಕೆಲ್ಲ ನ್ಯಾಯ ತೀರಿಸುವವನೇ ನ್ಯಾಯ ಮಾಡದಿದ್ದರೆ ಹೇಗೆ? ಐವತ್ತು ನೀತಿವಂತರಿದ್ದರೆ ಉಳಿಸುತ್ತೀಯಾ ಎಂದು ಶುರು ಮಾಡಿ ಹತ್ತಕ್ಕೆ ಇಳಿಸುತ್ತಾನೆ. ದೇವರು ಬಾಯಿ ಮುಚ್ಚು ಎನ್ನುವುದಿಲ್ಲ, ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ದೇವರು ಹೇಳಿದ ಎಂದು ಅದೇ ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಹೋದ ಕಥೆಯನ್ನು ನಿನಗೆ ಯಾರಾದರೂ ಹೇಳಿಯಾರು. ಆ ಅಧ್ಯಾಯ ಓದುವುದು ನನಗೆ ಸುಲಭವಲ್ಲ. ಆದರೆ ಅಲ್ಲಿ ಕೈ ತಡೆದದ್ದೂ ದೇವರ ಕಡೆಯ ದನಿಯೇ. ಮಕ್ಕಳನ್ನು ಬಲಿ ಕೊಡುವುದು ತನ್ನ ಮನಸ್ಸಿಗೇ ಬಂದದ್ದಲ್ಲ ಎಂದು ಮುಂದೆ ಯೆರೆಮೀಯ ಎಂಬ ಪ್ರವಾದಿಯ ಮೂಲಕ ದೇವರು ಹೇಳುತ್ತಾನೆ.

ನಿನ್ನಿಂದ ಒಂದು ವಿಷಯ ಮುಚ್ಚಿಡಬಾರದು. ಅದೇ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಬೇರೆ ಜನಾಂಗದವರನ್ನು ದಾಸರಾಗಿ ಕೊಳ್ಳಬಹುದು ಎಂದಿದೆ. ಅಮೆರಿಕದ ತೆಂಕಣ ರಾಜ್ಯಗಳಲ್ಲಿ ಗುಲಾಮರನ್ನು ಇಟ್ಟುಕೊಂಡವರು ಬೈಬಲ್ ಕೈಯಲ್ಲಿ ಹಿಡಿದೇ ಅದನ್ನು ಸಮರ್ಥಿಸಿದರು. ಗುಲಾಮರ ಯಜಮಾನ ಮಿಷನರಿ ಆಗಬಹುದಾ ಎಂಬ ಜಗಳದಲ್ಲಿ 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದವರು ಬೇರೆಯಾದರು. ಅವರು ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ದೇವರ ಹೆಸರು ಹೇಳಿದ ಮಾತ್ರಕ್ಕೆ ನೀತಿ ಬರುವುದಿಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಇನ್ನೊಂದು ಕಡೆಯನ್ನೂ ನೋಡು. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಕರಿಯರ ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದರು. ನಿಮ್ಮ ಚಳವಳಿಗೆ ಇದು ಸಮಯವಲ್ಲ ಎಂದು ಅಲಬಾಮಾದ ಎಂಟು ಬಿಳಿಯ ಧರ್ಮಗುರುಗಳು ಹೇಳಿಕೆ ಕೊಟ್ಟಿದ್ದರು. ಕಿಂಗ್ ಅವರಿಗೆ ಜೈಲಿನಿಂದಲೇ ದೊಡ್ಡ ಪತ್ರ ಬರೆದರು. ಅಲ್ಲಿನ ಕಾನೂನು ಕರಿಯರನ್ನು ಬಿಳಿಯರಿಂದ ದೂರ ಇಡಬೇಕು ಎನ್ನುತ್ತಿತ್ತು. ಮತ ಹಾಕುವವರಲ್ಲಿ ಜಾಸ್ತಿ ಮಂದಿಗೆ ಅದು ಒಪ್ಪಿಗೆ ಇತ್ತು. ಹಾಗಾದರೆ ಅದನ್ನು ಅನ್ಯಾಯ ಎನ್ನಲು ಕಿಂಗ್‌ಗೆ ಯಾವ ಆಧಾರ? ಅವರು ಆಕ್ವಿನಾಸ್‌ರನ್ನೇ ನೆನೆದರು. ದೇವರ ಶಾಶ್ವತ ನಿಯಮದಲ್ಲಿ ಬೇರು ಇಲ್ಲದ ಮನುಷ್ಯರ ಕಾನೂನು ಅನ್ಯಾಯದ್ದು ಎಂದರು. ದೇವರು ನೀತಿಗೆ ಆಧಾರ ಅನ್ನುವ ಮಾತಿನಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಸರ್ಕಾರ, ಬಹುಮತ, ಪಾದ್ರಿ, ಕೊನೆಗೆ ನನ್ನ ಸ್ವಂತ ಆಸೆ, ಎಲ್ಲವನ್ನೂ ಅದರ ಮುಂದೆ ನಿಲ್ಲಿಸಿ ಕೇಳಬಹುದು.

ನಿನ್ನ ರೂಮ್‌ಮೇಟ್ ಜೊತೆ ಮಾತು ಬಿಡಬೇಡ. ರಜೆಯಲ್ಲಿ ಅವಳನ್ನು ಊರಿಗೆ ಕರೆದುಕೊಂಡು ಹೋಗಿ ಒಂದು ದಿನ ಅಂಗಡಿಯಲ್ಲಿ ಕೂರಿಸು.

ಪ್ರಶ್ನೆ: ನಮ್ಮ ನೆರೆಯವರು ಕ್ರೈಸ್ತರು. ನನ್ನ ಚೀಟಿ ಹಣ 40,000 ರೂಪಾಯಿ ಅವರ ಕೈಯಲ್ಲಿದೆ. ಕೇಳಿದರೆ ‘ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ, ಮನಸ್ಸು ಹಗುರ ಆಗಿದೆ’ ಅನ್ನುತ್ತಾರೆ. ಅವರಿಗೆ ಹಗುರ, ನನಗೆ?
– ಓದುಗಿ, ಕುಂದಾಪುರ

ಉತ್ತರ: ಅಮ್ಮಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಜಕ್ಕಾಯ ಎಂಬ ಸುಂಕದವನು ಬರುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಆ ಕಾಲದಲ್ಲೂ ಅವರಿಗೆ ಅಂಥದ್ದೇ ಹೆಸರು. ಯೇಸು ಅವನ ಮನೆಗೆ ಹೋದಾಗ ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಈ ಮನೆಗೆ ಇವತ್ತು ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಆಮೇಲೆ. ದೇವರು ಕ್ಷಮಿಸಿದ ಎಂದು ನಿಮ್ಮ 40,000 ನಿಮಗೆ ಬಂದಂತಾಗುವುದಿಲ್ಲ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಕ್ರಮವೂ ಇದೆ, ಅವರಿಗೆ ಅದು ಗೊತ್ತಿರುತ್ತದೆ. ಮೊದಲು ನೀವೊಬ್ಬರೇ ಹೋಗಿ ನೇರವಾಗಿ ಕೇಳಿ. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆಗಲೂ ಇಲ್ಲವೆಂದರೆ ಅವರ ಸಭೆಯ ಪಾಲಕರ, ಅಂದರೆ ಅವರ ಚರ್ಚಿನ ಪಾದ್ರಿಯ ಹತ್ತಿರ ಹೇಳಿ. ಚೀಟಿ ಬರೆದುಕೊಂಡ ಪುಸ್ತಕ, ಹಣ ಕಟ್ಟಿದ ದಿನಾಂಕ, ಫೋನಿಗೆ ಬಂದ ಮೆಸೇಜು ಎಲ್ಲ ಒಂದು ಕಡೆ ಇಟ್ಟುಕೊಳ್ಳಿ. ಇಷ್ಟಾದರೂ ಹಣ ಬರದಿದ್ದರೆ ಅದನ್ನು ಹಿಡಿದುಕೊಂಡು ಠಾಣೆಗೆ ಹೋಗಿ, ಸಂಕೋಚ ಬೇಡ.