ಜಾತಿ ಬೆಕ್ಕು ಯಾಕೆ ಬೇಕು, ಅಕ್ಕೋರೇ?

ಗಂಗಾವತಿಯ ನಿವೃತ್ತ ಶಿಕ್ಷಕಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಸಾರಾಂಶ ಇಷ್ಟು: "ನಮ್ಮ ಓಣಿಯ ಹಿಂದಿನ ರೈಸ್ ಮಿಲ್ಲಿನ ಗೋದಾಮಿನಲ್ಲಿ ಮಗಳಿಗೆ ಒಂದು ಹೆಣ್ಣು ಮರಿ ಸಿಕ್ಕಿತು. ತಾಯಿ ಬರಲೇ ಇಲ್ಲ. ಕೂದಲು ಉದ್ದ, ಮುಖ ಮಾತ್ರ ಬೀದಿ ಬೆಕ್ಕಿನದು. ಬೆಂಗಳೂರಿನ ಅಳಿಯ 'ಇದು ಮಿಕ್ಸ್, ಬಿಟ್ಟುಬಿಡಿ, ಒಳ್ಳೇ ಪರ್ಷಿಯನ್ ಕೊಡಿಸ್ತೀನಿ' ಅನ್ನುತ್ತಾರೆ. ನಮ್ಮದು ಸಸ್ಯಾಹಾರಿ ಮನೆ, ಹಾಲನ್ನ ಹಾಕುತ್ತಿದ್ದೇವೆ. ಇಟ್ಟುಕೊಳ್ಳಬಹುದಾ?"

ಇಟ್ಟುಕೊಳ್ಳಿ ಅಕ್ಕೋರೇ. ಉತ್ತರ ಇಷ್ಟೇ. ಆದರೆ ಈ ವಿಷಯ ಬಂದರೆ ನಾನು ಇಷ್ಟಕ್ಕೆ ಸುಮ್ಮನಾಗುವವನಲ್ಲ, ಅದು ನಿಮಗೂ ಗೊತ್ತು.

ಅಳಿಯಂದಿರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಪರ್ಷಿಯನ್ ಚೆಂದದ ಬೆಕ್ಕು. ಗಲಾಟೆ ಇಲ್ಲ, ಸೋಫಾ ಬಿಟ್ಟು ಏಳುವುದಿಲ್ಲ. ಆಯ್ತಲ್ಲ, ಈಗ ಉಳಿದದ್ದು ಕೇಳಿ. ಅದರ ಮೂಗು ಚಪ್ಪಟೆಯಾಗಲಿ ಅಂತ ಮನುಷ್ಯರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಮರಿ ಮಾಡಿಸಿದರು. ಈಗ ಬಹಳಷ್ಟಕ್ಕೆ ಉಸಿರಾಟ ಸಲೀಸಿಲ್ಲ, ಕಣ್ಣೀರು ಮೂಗಿನೊಳಗೆ ಇಳಿಯುವ ದಾರಿಯೂ ಸರಿಯಿಲ್ಲ. ಮೈತುಂಬ ಬೆವರಿ ತಣ್ಣಗಾಗುವ ಭಾಗ್ಯ ಯಾವ ಬೆಕ್ಕಿಗೂ ಇಲ್ಲ, ಬೆವರುವುದೇನಿದ್ದರೂ ಪಾದದಲ್ಲಿ. ತೀರಾ ಸೆಕೆಯಾದರೆ ಬಾಯಿ ತೆರೆದು ಏದುಸಿರು ಬಿಡಬೇಕು. ನಮ್ಮ ಕಡೆ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಮೂಗೇ ಸರಿಯಿಲ್ಲದ ಪ್ರಾಣಿ ಏನು ಮಾಡಬೇಕು?

ಬಳ್ಳಾರಿಯ ನನ್ನ ಗೆಳೆಯ ಒಂದು ತಂದಿದ್ದ. ಗಂಡು, ಬೆಳ್ಳಗೆ ಬಟ್ಟಲುಗಣ್ಣು. ದಿನಾ ಬೆಳಿಗ್ಗೆ ಅದರ ಕಣ್ಣಿನ ಮೂಲೆಯಲ್ಲಿ ಕಂದು ಬಣ್ಣದ ಕಸರು ಗಟ್ಟಿಯಾಗಿ ಅಂಟಿರುತ್ತಿತ್ತು. ಹತ್ತಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕೂದಲು ಕೀಳದ ಹಾಗೆ ಒರೆಸುತ್ತಾ ಕೂರುತ್ತಿದ್ದ. ಬೇಸಿಗೆಯಲ್ಲಿ ಕರೆಂಟು ಹೋದರೆ ಒದ್ದೆ ಟವೆಲ್. ಆಮೇಲೆ ಬೇಜಾರಾಯಿತು. ಬೆಕ್ಕು ಮೊದಲು ಕಾಂಪೌಂಡಿಗೆ ಬಂತು, ಆಮೇಲೆ ಬೀದಿಗೆ. ಮರಿಯಾಗದಂತೆ ಆಪರೇಷನ್ ಮಾಡಿಸಿರಲಿಲ್ಲ. ಸ್ವಲ್ಪ ದಿನಕ್ಕೇ ಅವರ ಓಣಿಯಲ್ಲಿ ದಪ್ಪ ಬಾಲದ ಮರಿಗಳು ಓಡಾಡತೊಡಗಿದವು.

ನಿಮ್ಮ ಮರಿಯ ಕಥೆಯೂ ಬಹುಶಃ ಇದೇ. ಉದ್ದ ಕೂದಲು ಬರಬೇಕಾದರೆ ಆ ಗುಣ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಅಂದರೆ ಗೋದಾಮಿನ ಆ ತಾಯಿಯೂ ಅದನ್ನು ಒಳಗೆ ಹೊತ್ತುಕೊಂಡಿತ್ತು. ಯಾರೋ ಶೋಕಿಗೆ ತಂದು ಬಿಟ್ಟದ್ದರ ಮೊಮ್ಮಗಳೋ ಮರಿಮಗಳೋ ಈಗ ನಿಮ್ಮ ಮನೆಗೆ ಬಂದಿರಬೇಕು. ಅಳಿಯಂದಿರು ಅದನ್ನು ಬಿಟ್ಟು ಇನ್ನೊಂದು ಪರ್ಷಿಯನ್ ತರೋಣ ಅನ್ನುತ್ತಾರೆ! ಹಾಗಂತ ಮಿಶ್ರತಳಿಗೆ ರೋಗವೇ ಬರುವುದಿಲ್ಲ ಅಂತಲ್ಲ. ಪರ್ಷಿಯನ್‌ಗಳಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಏಳುವ ಕಾಯಿಲೆಯೊಂದಿದೆ, ಅದು ಒಬ್ಬರ ಕಡೆಯಿಂದ ಬಂದರೂ ಸಾಕು. ಡಾಕ್ಟರಿಗೆ ಒಮ್ಮೆ ಹೇಳಿಟ್ಟಿರಿ.

ಜಾತಿ ಅಂತ ಕುಣಿಯುತ್ತೇವಲ್ಲ, ಅದೆಷ್ಟು ಹಳೆಯದು? ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಎಲುಬು ಸಿಕ್ಕಿದೆ, ಸುಮಾರು 9,500 ವರ್ಷ ಹಿಂದಿನದು. ಜನ ಕಾಳು ಬೆಳೆದು ಕೂಡಿಟ್ಟರು, ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಇಂಥ ತಲೆ, ಅಂಥ ಬಾಲ ಅಂತ ಅಂಕ ಕೊಡುವ ಮೊದಲ ದೊಡ್ಡ ಪ್ರದರ್ಶನ ಲಂಡನ್ನಿನಲ್ಲಿ ನಡೆದದ್ದು 1871ರಲ್ಲಿ. ಭತ್ತದ ಕಣಜ ಅನ್ನಿಸಿಕೊಂಡ ಊರಲ್ಲಿ ಕೂತು, ಮಿಲ್ಲಿನ ಬೆಕ್ಕಿಗೆ ಯೋಗ್ಯತೆ ಇಲ್ಲ ಅಂದರೆ ಹೇಗೆ ಅಕ್ಕೋರೇ?

ಇನ್ನು ಹಾಲನ್ನ. ಇಲ್ಲಿ ನಿಮ್ಮನ್ನೇ ಬೈಯಬೇಕು. ಪಕ್ಕದಲ್ಲೇ ಆನೆಗೊಂದಿ, ಹೊಳೆ ದಾಟಿದರೆ ಹಂಪಿ. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟು, ಅದು ಹಾಲು ಕಂಡರೆ ಓಡುವಂತೆ ಮಾಡಿದ ಕಥೆಯನ್ನು ನೀವೇ ಮಕ್ಕಳಿಗೆ ಎಷ್ಟು ಸಲ ಹೇಳಿರುತ್ತೀರಿ. ಬಾಯಿ ಸುಟ್ಟದ್ದು ತಪ್ಪು, ಹಾಲು ಬಿಡಿಸಿದ್ದು ಮಾತ್ರ ಉಪಕಾರವೇ. ತಾಯಿ ಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಭೇದಿ ಹಿಡಿಯುತ್ತದೆ. ಬರೀ ಅನ್ನ ರೊಟ್ಟಿಯೂ ಸಾಲದು. ಟಾರಿನ್ ಅನ್ನುವ ಅಂಶ ಅದಕ್ಕೆ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನಿನಲ್ಲಿ. ಇಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಒಲೆಯ ಮೇಲೆ ಮಾಂಸ ಬೇಯಿಸಲು ಮನಸ್ಸಿಲ್ಲದಿದ್ದರೆ ಬೆಕ್ಕಿನದೇ ಪ್ಯಾಕೆಟ್ ಆಹಾರ ತನ್ನಿ, ವರಾಂಡದಲ್ಲಿ ಬೇರೆ ತಟ್ಟೆ ಇಡಿ. ಮನೆಯ ಮಡಿ ಮನೆಯವರಿಗಿರಲಿ, ಬೆಕ್ಕಿಗೆ ಹೇರಬೇಡಿ. ಜ್ವರ ಬಂತು ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು.

ಐದು ತಿಂಗಳ ಹೊತ್ತಿಗೆ ಆಪರೇಷನ್ ಮಾಡಿಸಿ. ಬೆಕ್ಕು ಗಬ್ಬವಾದರೆ ಎರಡೇ ತಿಂಗಳಲ್ಲಿ ಈಯುತ್ತದೆ, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ ತಪ್ಪಿಸಬೇಡಿ.

ಎಲ್ಲಿ ಮಾಡಿಸೋದು ಅಂತೀರಾ? ಅದೇ ನನ್ನ ಹೊಟ್ಟೆಯುರಿ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ನಮ್ಮ ಕಲ್ಯಾಣ ಕರ್ನಾಟಕದ ಬೀದರಿನಲ್ಲಿದೆ. ಆದರೂ ನಾನೊಮ್ಮೆ ಬುಟ್ಟಿಯಲ್ಲಿ ಬೆಕ್ಕು ಇಟ್ಟುಕೊಂಡು ದನದ ದವಾಖಾನೆಗೆ ಹೋದರೆ, "ಎಮ್ಮಿ ನೋಡಾಕ ಟೈಮಿಲ್ಲ, ನೀವು ಬೆಕ್ಕು ತಂದೀರಲ್ರೀ" ಅಂತ ನಕ್ಕರು. ಎಮ್ಮೆ ಹಾಲು ಕೊಡುತ್ತದೆ, ಒಪ್ಪಿದೆ. ಅದೇ ದಿನ ಒಬ್ಬರು ಕಾರಿನಲ್ಲಿ ಹಸ್ಕಿ ತಂದಾಗ ಕುರ್ಚಿ ಹಾಕಿದರು ನೋಡಿ, ಅದನ್ನು ಹೇಗೆ ಒಪ್ಪಲಿ? ಹಿಮದ ನಾಯಿಯನ್ನು ಏಸಿ ರೂಮಿನಲ್ಲಿ ಸಾಕುವ ಬಂಗಲೆಗಳು ಬಳ್ಳಾರಿ, ರಾಯಚೂರಿನಲ್ಲಿ ಬೇಕಾದಷ್ಟಿವೆ. ನಮ್ಮ ಮುಧೋಳ ನಾಯಿಗೆ ಅಂಚೆ ಇಲಾಖೆ 2005ರಲ್ಲೇ ಸ್ಟ್ಯಾಂಪ್ ತಂದಿತು. ಆ ಬಂಗಲೆಗಳ ಗೇಟಿನೊಳಗೆ ಅದಕ್ಕೆ ಇನ್ನೂ ಜಾಗವಿಲ್ಲ. ಮದುವೆಗೆ ಜಾತಿ, ಬಾಡಿಗೆ ಮನೆಗೆ ಜಾತಿ, ಕೊನೆಗೆ ಬೆಕ್ಕಿಗೂ ಜಾತಿ ಕೇಳುವ ಈ ಚಟಕ್ಕೆ ಯಾವ ದವಾಖಾನೆಯಲ್ಲಿ ಔಷಧ ಸಿಗುತ್ತದೋ.

ಆಪರೇಷನ್ ಮಾಡುವ ಡಾಕ್ಟರು ಯಾರು ಅಂತ ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು ಹೋಗಿ. ಉದ್ದ ಕೂದಲು ಗಂಟು ಕಟ್ಟುತ್ತದೆ, ವಾರಕ್ಕೆ ಮೂರ್ನಾಲ್ಕು ಸಲ ಬಾಚಿ. ಮರಿಯ ಹೆಸರೇ ಬರೆದಿಲ್ಲ ನೀವು, ಮುಂದಿನ ಪತ್ರದಲ್ಲಿ ತಿಳಿಸಿ. ದಯವಿಟ್ಟು ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ.

— ಸಂ.