ಕರಡಿ ಕುಣಿದದ್ದು ಯಾಕೆ, ಕಾಣೆಯಾದದ್ದು ಹೇಗೆ?

ಓದುಗರ ಪತ್ರ: "ನಾವು ಚಿಕ್ಕವರಿದ್ದಾಗ ಸುಗ್ಗಿ ಮುಗಿದ ಮೇಲೆ ಊರಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಹೆದರಿಕೆ ಹೋಗಲಿ ಅಂತ ನನ್ನನ್ನೂ ಕರಡಿ ಮೇಲೆ ಕೂರಿಸಿ, ಅದರ ಕೂದಲು ಹಾಕಿದ ತಾಯತ ಕಟ್ಟಿಸಿದ್ದರು. ಆ ಮನುಷ್ಯ ಕರಡಿಯನ್ನು ಮಗನ ಹಾಗೆ ನೋಡಿಕೊಳ್ಳುತ್ತಿದ್ದ. ಈಗ ಒಂದೂ ಕಾಣುವುದಿಲ್ಲ. ಬಡವರ ಹೊಟ್ಟೆ ಮೇಲೆ ಹೊಡೆದದ್ದು ಸರಿಯೇ? ಹಿಡಿದ ಕರಡಿಗಳನ್ನು ಕಾಡಿಗಾದರೂ ಬಿಟ್ಟರೇ? ಮೊಮ್ಮಗಳಿಗೆ ಕರಡಿ ತೋರಿಸಬೇಕೆಂದರೆ ಎಲ್ಲಿಗೆ ಹೋಗಲಿ?"
– ನಿವೃತ್ತ ಮೇಷ್ಟ್ರು, ಚಿತ್ರದುರ್ಗ ಜಿಲ್ಲೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ನಿಮ್ಮ ಪೂರ್ತಿ ಪತ್ರದಲ್ಲಿ (ಮೇಲೆ ಹಾಕಿದ್ದು ಅದರ ಸ್ವಲ್ಪ ಭಾಗ) ಡಮರುಗ ಇದೆ, ಮಕ್ಕಳ ಗಲಾಟೆ ಇದೆ, ಮೊರದಲ್ಲಿ ಜೋಳ ತಂದು ಹಾಕಿದ ನಿಮ್ಮ ಅಜ್ಜಿ ಇದ್ದಾರೆ. ಕರಡಿಯ ಮೂಗಿನಲ್ಲಿದ್ದ ಹಗ್ಗ ಮಾತ್ರ ಎಲ್ಲೂ ಬಂದಿಲ್ಲ. ಇಡೀ ಆಟ ನಡೆಯುತ್ತಿದ್ದದ್ದು ಆ ಹಗ್ಗದಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕಡೆಯ ಕರಡಿ ಬದುಕುವುದೇ ಮೂಗಿನಿಂದ. ಕಣ್ಣು ಅಷ್ಟಕ್ಕಷ್ಟೆ. ಗೆದ್ದಲು ಎಲ್ಲಿದೆ, ಜೇನು ಎಲ್ಲಿದೆ, ಯಾವ ಹಣ್ಣು ಉದುರಿದೆ ಎಲ್ಲಾ ವಾಸನೆಯಿಂದಲೇ ಗೊತ್ತಾಗಬೇಕು. ಅದು ಗೆದ್ದಲು ತಿನ್ನುವ ಚಂದವೇ ಬೇರೆ. ಮೂರು ನಾಲ್ಕು ಇಂಚಿನ ಉಗುರಿನಿಂದ ಹುತ್ತ ಕೆದರುತ್ತದೆ. ಉಫ್ ಅಂತ ಊದಿ ಮಣ್ಣು ಹಾರಿಸುತ್ತದೆ. ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಮುಂದೆ ಚಾಚಿ ಗೆದ್ದಲನ್ನು ಸೊರಸೊರ ಎಳೆಯುತ್ತದೆ. ಅದಕ್ಕೆ ಮೇಲಿನ ಸಾಲಿನ ಮಧ್ಯದ ಎರಡು ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ. ಆ ಸಂದಿಯಲ್ಲೇ ಗೆದ್ದಲು ಒಳಗೆ ಹೋಗುತ್ತದೆ. ಸದ್ದು ನೂರಾರು ಅಡಿ ದೂರಕ್ಕೂ ಕೇಳುತ್ತದೆ.

ಆಡಿಸುವವರು ಚುಚ್ಚುತ್ತಿದ್ದದ್ದು ಇದೇ ಮೂಗಿನ ಮೇಲ್ಭಾಗವನ್ನು. ಮರಿಯನ್ನು ಗುಹೆಯಿಂದ ಕದಿಯುತ್ತಿದ್ದರು. ತಾಯಿ ಸುಮ್ನೆ ಬಿಡುವುದಿಲ್ಲವಲ್ಲ, ಎಷ್ಟೋ ಸಲ ಅದನ್ನು ಕೊಂದೇ ಮರಿ ತರುತ್ತಿದ್ದರು. ಮರಿಗೆ ಇನ್ನೂ ವರ್ಷ ತುಂಬಿರುತ್ತಿರಲಿಲ್ಲ. ಕಾಯಿಸಿದ ಕಬ್ಬಿಣದಿಂದ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲು ಮುರಿಯುತ್ತಿದ್ದರು. ಗಾಯ ಪೂರ್ತಿ ಮಾಯುತ್ತಲೇ ಇರಲಿಲ್ಲ. ಎಷ್ಟೋ ಕರಡಿಗಳಿಗೆ ಅಲ್ಲಿ ಹುಳು ಬೀಳುತ್ತಿತ್ತು. ಹಗ್ಗ ಎಳೆದರೆ ನೋವು. ನೋವು ಕಡಿಮೆಯಾಗಲಿ ಅಂತ ಮೂತಿ ಮೇಲೆತ್ತುತ್ತಿತ್ತು, ಹಿಂಗಾಲ ಮೇಲೆ ನಿಲ್ಲುತ್ತಿತ್ತು. ನಾವು ಅದನ್ನು ಕುಣಿತ ಅಂದೆವು. ಇನ್ನೊಂದು ಸಂಗತಿ: ಕಾಡಿನಲ್ಲಿ ಈ ಕರಡಿ ತನ್ನ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡಾಡುತ್ತದೆ. ನಮ್ಮ ಮಕ್ಕಳನ್ನು ಕೂರಿಸುತ್ತಿದ್ದದ್ದೂ ಅದೇ ಬೆನ್ನ ಮೇಲೆ.

ಹಾಗಂತ ಆ ಮನುಷ್ಯನ ಪ್ರೀತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಈ ಕೆಲಸ ಹೆಚ್ಚಾಗಿ ಕಲಂದರ್ ಸಮುದಾಯದವರದು, ತಲೆಮಾರುಗಳಿಂದ ಬಂದದ್ದು. ಕರಡಿ ಅವರ ಗುಡಿಸಲ ಪಕ್ಕದಲ್ಲೇ ಮಲಗುತ್ತಿತ್ತು, ಅವರು ತಿಂದ ರೊಟ್ಟಿಯನ್ನೇ ತಿನ್ನುತ್ತಿತ್ತು. ಕರಡಿ ಸತ್ತರೆ ಮನೆಯಲ್ಲಿ ಒಲೆ ಹತ್ತುವುದೇ ಕಷ್ಟ. ಪ್ರೀತಿಯೂ ಇತ್ತು, ಹಗ್ಗವೂ ಇತ್ತು. ಕರಡಿಯ ಪಾಲಿಗೆ ಯಾವುದು ಜಾಸ್ತಿ ಅಂತ ಕೇಳಿದರೆ ಹಗ್ಗವೇ ಅನ್ನುತ್ತೇನೆ.

ಈಗ ನಿಮ್ಮ ಸಿಟ್ಟಿನ ಪ್ರಶ್ನೆ, ಹೊಟ್ಟೆ ಮೇಲೆ ಹೊಡೆದ ವಿಷಯ. ಬರೀ ಕಾಯ್ದೆಯಿಂದಲೇ ಇದು ನಿಂತಿದ್ದರೆ ನಿಮ್ಮ ಮಾತನ್ನು ಒಪ್ಪುತ್ತಿದ್ದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದು ಅಂತ ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್‌ನವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನೇ ಎತ್ತಿ ಹಿಡಿಯಿತು. ಆಮೇಲೂ ಹೆದ್ದಾರಿ ಬದಿಯಲ್ಲಿ ಕರಡಿ ಕುಣಿಯುತ್ತಲೇ ಇತ್ತು. ಪೊಲೀಸರು ಕರಡಿ ಹಿಡಿದರೂ ಇಡುವುದೆಲ್ಲಿ? ಆ ಮನುಷ್ಯನಾದರೂ ನಾಳೆ ಏನು ಮಾಡಬೇಕು? ಮತ್ತೊಂದು ಮರಿ ತರುತ್ತಿದ್ದ, ಅಷ್ಟೇ.

ಈ ಗಂಟು ಬಿಚ್ಚಿದ್ದು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ. ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ 1995ರಲ್ಲಿ ಕಟ್ಟಿದ್ದು. ಅವರು ಕರಡಿಗಿಂತ ಮೊದಲು ಕರಡಿಯವನ ಮನೆಯ ಲೆಕ್ಕ ಕೇಳಿದರು. ಇನ್ನು ಮುಂದೆ ಈ ಕೆಲಸ ಮಾಡುವುದಿಲ್ಲ ಅಂತ ಬರೆದುಕೊಟ್ಟು ಕರಡಿ ಒಪ್ಪಿಸಿದರೆ, ಬೇರೆ ಕಸುಬಿಗೆ ದುಡ್ಡು. ಕೆಲವರು ಆಟೋ ಕೊಂಡರು, ಕೆಲವರು ಅಂಗಡಿ ಇಟ್ಟರು. ಹೆಂಗಸರಿಗೆ ಕೈಕೆಲಸ, ಮಕ್ಕಳಿಗೆ ಶಾಲೆ. ಕರಡಿ ನೋಡಿಕೊಳ್ಳುವ ಕೆಲಸಕ್ಕೇ ಸೇರಿಕೊಂಡವರೂ ಇದ್ದಾರೆ, ಅವರಿಗಿಂತ ಚೆನ್ನಾಗಿ ಆ ಪ್ರಾಣಿ ಇನ್ಯಾರಿಗೆ ಗೊತ್ತು? ಆಗ್ರಾದಲ್ಲಿ, ನಮ್ಮ ಬನ್ನೇರುಘಟ್ಟದಲ್ಲಿ ಅರಣ್ಯ ಇಲಾಖೆಯ ಜೊತೆ ಸೇರಿ ಆಶ್ರಯಧಾಮಗಳಾದವು. ಹೀಗೆ ಬಂದ ಕರಡಿಗಳು ಆರುನೂರಕ್ಕೂ ಜಾಸ್ತಿ. ದೇಶದ ಕೊನೆಯ ಕುಣಿಯುವ ಕರಡಿ ಅಂತ ಲೆಕ್ಕಕ್ಕೆ ಬಂದ ರಾಜು 2009ರ ಡಿಸೆಂಬರ್‌ನಲ್ಲಿ ಬಂದು ಸೇರಿದ್ದು ಬನ್ನೇರುಘಟ್ಟಕ್ಕೇ. 1972ರಿಂದ ಲೆಕ್ಕ ಹಾಕಿ, 37 ವರ್ಷ. ಪರ್ಯಾಯ ಕಸುಬಿನ ದುಡ್ಡನ್ನು ಮೊದಲೇ ಕೊಟ್ಟಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಕಾಡಿಗೆ ಬಿಡಲಿಲ್ಲ ಮೇಷ್ಟ್ರೇ, ಬಿಡಲು ಆಗುವುದಿಲ್ಲ. ಕೋರೆಹಲ್ಲಿಲ್ಲ, ಮೂಗು ಕೆಟ್ಟಿದೆ, ಹುತ್ತ ಕೆದರುವುದನ್ನು ಕಲಿಸಬೇಕಿದ್ದ ತಾಯಿ ಮೊದಲೇ ಹೋಗಿದೆ. ಕೆಲವಕ್ಕೆ ಕಣ್ಣು ಕಾಣುತ್ತಿರಲಿಲ್ಲ, ಕೆಲವಕ್ಕೆ ಕ್ಷಯ ಅಂಟಿತ್ತು. ಆಶ್ರಯಧಾಮದಲ್ಲಿ ಮೊದಲು ಅರಿವಳಿಕೆ ಕೊಟ್ಟು ಹಗ್ಗ ಕತ್ತರಿಸುತ್ತಾರೆ. ಆಮೇಲೆ ಗಂಜಿ, ಹಣ್ಣು. ಮರದ ತುಂಡಿನ ತೂತಿನಲ್ಲಿ ಜೇನು ಸವರಿಟ್ಟು ಹುಡುಕಲು ಬಿಡುತ್ತಾರೆ. ಹಗ್ಗ ಹೋಗಿ ಎಷ್ಟೋ ಕಾಲವಾದರೂ ಕೆಲವು ಕರಡಿಗಳು ನಿಂತಲ್ಲೇ ತಲೆ ತೂಗುತ್ತಿರುತ್ತವೆ. ಯಾರೂ ಡಮರುಗ ಬಾರಿಸುತ್ತಿರುವುದಿಲ್ಲ.

ಮೊಮ್ಮಗಳನ್ನು ದರೋಜಿಗೆ ಕರೆದುಕೊಂಡು ಹೋಗಿ. ಹಂಪಿಗೆ ಹತ್ತಿರ, ನಿಮ್ಮ ಜಿಲ್ಲೆಯಿಂದಲೂ ದೂರವೇನಲ್ಲ. 1994ರಿಂದ ಕರಡಿಗೇ ಮೀಸಲಾದ ಧಾಮ ಅದು. ಮಧ್ಯಾಹ್ನದ ಮೇಲೆ ಹೋಗಿ. ಸಿಬ್ಬಂದಿ ಬಂಡೆಗಳ ಮೇಲೆ ಸಿಹಿ ಸವರಿಟ್ಟಿರುತ್ತಾರೆ, ಬಿಸಿಲು ಇಳಿದಂತೆ ಕರಡಿಗಳು ಗುಡ್ಡದಿಂದ ಇಳಿದು ಬರುತ್ತವೆ. ನೋಡುವುದು ಗೋಪುರದ ಮೇಲಿನಿಂದ, ಸ್ವಲ್ಪ ದೂರವೇ. ದುರ್ಬೀನು ಇದ್ದರೆ ಒಯ್ಯಿರಿ. ಮರಿ ಇರುವ ತಾಯಿ ಕಂಡರೆ ಬೆನ್ನ ಕಡೆ ನೋಡಲು ಹೇಳಿ.