ಜರ್ಮನಿಯಿಂದ ಬಂದ ಇಂಗಾಲದ ಲೆಕ್ಕ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಪೈಪ್ ಫಿಟ್ಟಿಂಗ್ ಮತ್ತು ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ದು ಜರ್ಮನಿಗೆ ಕಳುಹಿಸುತ್ತೇವೆ. ಟನ್ನಿಗೆ ಎಷ್ಟು ಇಂಗಾಲ ಹೊರಬೀಳುತ್ತದೆ, ಲೆಕ್ಕ ಕೊಡಿ ಎಂದು ಖರೀದಿದಾರರು ಕೇಳಿದ್ದಾರೆ. ‘ಕಾರ್ಬನ್ ಕ್ರೆಡಿಟ್ (ಬೇರೆಯವರು ಇಂಗಾಲ ತಗ್ಗಿಸಿದ್ದಕ್ಕೆ ಸಿಗುವ, ಕೊಂಡು ಮಾರಬಹುದಾದ ಪ್ರಮಾಣಪತ್ರ) ಕೊಂಡರೆ ಮುಗಿಯಿತು’ ಎನ್ನುತ್ತಾರೆ ಒಬ್ಬ ಏಜೆಂಟರು. ಚಾವಣಿಗೆ ಸೌರಫಲಕ ಹಾಕಿಸಿದರೆ ಸಾಕೇ? ಸರ್ಕಾರದಿಂದ ನೆರವು ಸಿಗುತ್ತದೆಯೇ?

ಉತ್ತರ: ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಮದು ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲಕ್ಕೆ ಐರೋಪ್ಯ ಒಕ್ಕೂಟ ಹಾಕುವ ಗಡಿ ಇಂಗಾಲ ಶುಲ್ಕ (ಸಿಬಿಎಎಂ) 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಮಾರುಕಟ್ಟೆಯಲ್ಲಿ ಕೊಂಡ ಕ್ರೆಡಿಟ್ ಅಲ್ಲಿ ನಡೆಯುವುದಿಲ್ಲ. ತಯಾರಾದ ದೇಶದಲ್ಲಿ ಕಾನೂನಿನ ಪ್ರಕಾರ ನಿಜವಾಗಿ ತೆತ್ತ ಇಂಗಾಲದ ಬೆಲೆಯನ್ನಷ್ಟೇ ಕಳೆಯುತ್ತಾರೆ.

ಮೊದಲು ನಿಮ್ಮ ಇನ್‌ವಾಯ್ಸ್ ತೆಗೆದು ಎಚ್‌ಎಸ್ ಕೋಡ್ (ಸರಕಿನ ಬಗೆ ಗುರುತಿಸುವ ಕಸ್ಟಮ್ಸ್ ಸಂಖ್ಯೆ) ನೋಡಿ. 7307ರಡಿ ಹೋಗುವ ಪೈಪ್ ಫಿಟ್ಟಿಂಗ್ ಶುಲ್ಕದ ಪಟ್ಟಿಯಲ್ಲಿದೆ. ಯಂತ್ರದ ಭಾಗವೆಂದು 84ನೇ ಅಧ್ಯಾಯದಡಿ ಹೋಗುವ ಪಂಪಿನ ಸಾಮಾನು ಮೂಲ ಪಟ್ಟಿಯಲ್ಲಿಲ್ಲ. ಪಟ್ಟಿಯನ್ನು ಹಿಗ್ಗಿಸುವ ಪ್ರಸ್ತಾವ ಇರುವುದರಿಂದ ಇದನ್ನು ಖರೀದಿದಾರರಿಂದ ಆಗಾಗ ಖಚಿತಪಡಿಸಿಕೊಳ್ಳಿ. ಶುಲ್ಕದ ಪಟ್ಟಿಯಲ್ಲಿರುವ ಸರಕನ್ನು ಅವರು ಎಲ್ಲ ಕಡೆಯಿಂದ ಸೇರಿಸಿ ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ತರಿಸುತ್ತಿದ್ದರೆ ಅವರಿಗೂ ವಿನಾಯಿತಿ ಇದೆ.

ಸೌರಫಲಕ ಹಾಕಿಸಿ, ಬಿಲ್ ಇಳಿಯುತ್ತದೆ. ಆದರೆ ಈಗಿನ ನಿಯಮದಲ್ಲಿ ಕಬ್ಬಿಣ–ಉಕ್ಕಿಗೆ ನೇರ ಹೊರಸೂಸುವಿಕೆ ಮಾತ್ರ ಲೆಕ್ಕ. ಇಂಡಕ್ಷನ್ ಫರ್ನೇಸ್ (ವಿದ್ಯುತ್ ಕುಲುಮೆ) ತಿನ್ನುವ ವಿದ್ಯುತ್ತು ಅದರಲ್ಲಿ ಬರುವುದೇ ಇಲ್ಲ. ಬರುವುದು ಕ್ಯುಪೋಲಾಕ್ಕೆ (ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕುಲುಮೆ) ಸುರಿಯುವ ಕೋಕ್, ಅಂದರೆ ಕಲ್ಲಿದ್ದಲಿನಿಂದ ಮಾಡಿದ ಇಂಧನ, ಮತ್ತು ನೀವು ಕೊಳ್ಳುವ ಪಿಗ್ ಐರನ್ (ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ) ತಯಾರಾಗುವಾಗಲೇ ಹೊರಬಿದ್ದ ಇಂಗಾಲ. ಗುಜರಿ ಕಬ್ಬಿಣದ ಹೊರೆ ಸೊನ್ನೆ. ಹಾಗಾಗಿ ಪ್ರತಿ ಹೀಟ್‌ಗೆ (ಒಂದು ಸಲದ ಕರಗಿಸುವಿಕೆಗೆ) ಎಷ್ಟು ಪಿಗ್, ಎಷ್ಟು ಗುಜರಿ, ಎಷ್ಟು ಕೋಕ್ ಎಂದು ಇಂದಿನಿಂದಲೇ ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಅಂಕಿ ಇಲ್ಲದಿದ್ದರೆ ಖರೀದಿದಾರರು ಐರೋಪ್ಯ ಒಕ್ಕೂಟ ನಿಗದಿಪಡಿಸಿದ, ಸಾಮಾನ್ಯವಾಗಿ ದುಬಾರಿಯೇ ಆಗುವ ಅಂಕಿಯನ್ನು ಹಾಕಬೇಕಾಗುತ್ತದೆ. ಪಿಗ್ ಐರನ್ ಮಾರುವವರಿಂದಲೂ ಲೆಕ್ಕ ಕೇಳಿ. ಕೊಡಲು ಗೊಣಗುತ್ತಾರೆ, ಬಿಡಬೇಡಿ.

ನಮ್ಮ ಸರ್ಕಾರದ ಕಣ್ಣು ಸದ್ಯಕ್ಕೆ ದೊಡ್ಡ ಕಾರ್ಖಾನೆಗಳ ಮೇಲೆ. 2023ರಲ್ಲಿ ಅಧಿಸೂಚಿತವಾದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದದಂಥ ವಲಯಗಳಿಗೆ ಮೊದಲು ಗುರಿ ಕೊಟ್ಟಿದ್ದಾರೆ. ಒಟ್ಟು ಹೊಗೆಗೆ ಮಿತಿ ಹಾಕಿಲ್ಲ, ಟನ್ ಉತ್ಪನ್ನಕ್ಕೆ ಇಷ್ಟು ಎಂಬ ಗುರಿ ಅದು. ಬೆಳೆಯುತ್ತಿರುವ ದೇಶಕ್ಕೆ ಇದು ಸರಿಯೇ ಎನ್ನುವುದು ನನ್ನ ಅಭಿಪ್ರಾಯ, ಆದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಕಣ್ಣಿಡಬೇಕು. ಶುದ್ಧ ಇಂಧನ ನಿಧಿಗೆಂದು 2010ರಲ್ಲಿ ಕಲ್ಲಿದ್ದಲು ಟನ್ನಿಗೆ 50 ರೂಪಾಯಿ ಇದ್ದ ಸೆಸ್ 2016ಕ್ಕೆ 400 ಆಯಿತು. ಮರುವರ್ಷವೇ ಅದರ ಜಾಗಕ್ಕೆ ರಾಜ್ಯಗಳ ಜಿಎಸ್‌ಟಿ ಪರಿಹಾರದ ಸೆಸ್ ಬಂತು, ಹಣ ಅತ್ತ ತಿರುಗಿತು.

ನಿಮಗೆ ಸಿಗಬಹುದಾದದ್ದು ಇಂಧನ ದಕ್ಷತಾ ಬ್ಯೂರೋದ ‘ಅಡೀಟೀ’ ಯೋಜನೆ. 2025ರಲ್ಲಿ ಆರಂಭವಾದ ಇದರಲ್ಲಿ ಫೌಂಡ್ರಿಗಳೂ ಸೇರಿವೆ. ಇಂಧನ ಉಳಿಸುವ ಯಂತ್ರದ ಸಾಲಕ್ಕೆ ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3ರಷ್ಟು ಬಡ್ಡಿ ಸಹಾಯಧನವಿದೆ. ಕನಿಷ್ಠ ಶೇ 10ರಷ್ಟು ಉಳಿತಾಯ ತೋರಿಸಬೇಕಾದ್ದರಿಂದ, ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ಎನರ್ಜಿ ಆಡಿಟ್ ಮಾಡಿಸಿ.